ಕಲಿಸಿದವರ ಋಣ ತೀರುವುದು ಹೇಗೆ?

ನಿಮಗೆ ಮೊದಲು ಸೂಜಿ ಹಿಡಿಯಲು ಕಲಿಸಿದವರು ಯಾರು? ಬೆರಳಿಟ್ಟು ಕುರ್‌ಆನ್ ಓದಿಸಿದ ಆಪಾ ಈಗ ಹೇಗಿದ್ದಾರೆ? ಕಲಿಕೆ ಮುಗಿದ ದಿನ ಒಂದು ಸೀರೆ, ಒಂದು ತಟ್ಟೆ ಸಿಹಿ ಕೊಟ್ಟು ಬಂದೆವು. ಅಲ್ಲಿಗೆ ಲೆಕ್ಕ ಮುಗಿಯಿತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ.

ಗದಗದ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಅದು ಹೆಸರಾಗಿದೆ. ಬಡ್ಡಿಯ ವಿಚಾರ ಇಲ್ಲಿ ಬದಿಗಿರಲಿ. ಇಂಥ ಸಂಘದಲ್ಲಿ ಒಬ್ಬ ರೈತ ಮರಳಿಸಿದ ಹಣವೇ ಇನ್ನೊಬ್ಬನ ಬೀಜ-ಗೊಬ್ಬರಕ್ಕೆ ಒದಗುತ್ತದೆ. ಪಡೆದವನು ಮರೆತು ಕೂತರೆ ನಷ್ಟವಾಗುವುದು ಸರದಿಯಲ್ಲಿ ಕಾದಿರುವ ಬಡವನಿಗೆ. ವಿದ್ಯೆಯ ಋಣವೂ ಹೀಗೆಯೇ.

ಇದನ್ನು ಬಾಳಿ ತೋರಿಸಿದವರು ಗದಗದಲ್ಲೇ ಇದ್ದರು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳನ್ನು ಸಾಕಿ, ಸಂಗೀತ ಕಲಿಸಿದವರು ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು. 1944ರಲ್ಲಿ ಗುರು ತೀರಿಕೊಂಡಾಗ ವೀರೇಶ್ವರ ಪುಣ್ಯಾಶ್ರಮದ ಭಾರ ಶಿಷ್ಯನ ಹೆಗಲಿಗೆ ಬಂತು. 2010ರಲ್ಲಿ ಕಣ್ಮುಚ್ಚುವವರೆಗೆ, 66 ವರ್ಷ, ಅವರು ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ಆಸರೆ, ವಿದ್ಯೆ ನೀಡಿದರು. ಗುರುವಿನಿಂದ ತಾವು ಪಡೆದುದನ್ನೇ ಆ ಮಕ್ಕಳಿಗೆ ಕೊಟ್ಟರು.

ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಉಪಕಾರಕ್ಕೆ ಪ್ರತಿಯಾಗಿ ಕೊಡಲು ಏನೂ ಇಲ್ಲದಿದ್ದರೆ ಅವರಿಗಾಗಿ ಪ್ರಾರ್ಥಿಸಬೇಕೆಂದೂ ತಿಳಿಸಿದ್ದಾರೆ. ಇಮಾಮ್ ಅಬೂ ಹನೀಫಾ(ರ) ತಮ್ಮ ಗುರು ಹಮ್ಮಾದ್‌ರ(ರ) ಮರಣದ ಬಳಿಕ, ನಮಾಝ್ ಮಾಡಿದಾಗಲೆಲ್ಲ ತಂದೆ-ತಾಯಿಯ ಜೊತೆ ಅವರಿಗಾಗಿಯೂ ಕ್ಷಮೆ ಬೇಡುತ್ತಿದ್ದರೆಂದು ಚರಿತ್ರೆಯಲ್ಲಿದೆ. ಅಷ್ಟಕ್ಕೇ ಅವರು ನಿಲ್ಲಲಿಲ್ಲ. ಬಡತನದಿಂದ ಪಾಠ ಬಿಡುವಂತಾಗಿದ್ದ ಶಿಷ್ಯ ಅಬೂ ಯೂಸುಫ್‌ರಿಗೆ(ರ) ಹಣ ಕೊಟ್ಟು ಓದಿಸಿದರು. ಆ ಶಿಷ್ಯ ಮುಂದೆ ಖಲೀಫಾ ಹಾರೂನ್ ರಶೀದರ ಕಾಲದಲ್ಲಿ ಮುಖ್ಯ ನ್ಯಾಯಾಧೀಶರಾದರು.

ಈಗ ನಮ್ಮನ್ನು ನೋಡಿಕೊಳ್ಳೋಣ. ಪಕ್ಕದ ಮನೆಯ ಹುಡುಗಿ ಹೊಲಿಗೆ ಕಲಿಸಿ ಎಂದು ಬಂದರೆ, "ನಾಳೆ ನನ್ನ ಗಿರಾಕಿಗಳೆಲ್ಲ ಇವಳ ಕಡೆ ಹೋದರೆ?" ಎಂದು ಮನಸ್ಸು ಹಿಂಜರಿಯುತ್ತದೆ. ನಮಗೆ ಕಲಿಸಿದ ಆಪಾ ಹೀಗೆ ಯೋಚಿಸಿದ್ದರೆ ಇಂದು ನಮ್ಮ ಮನೆಯ ಹೊಲಿಗೆ ಯಂತ್ರ ತಿರುಗುತ್ತಿತ್ತೇ? ರಿಝ್ಕ್ ಕೊಡುವವನು ಅಲ್ಲಾಹನು, ಗಿರಾಕಿಯಲ್ಲ.

ಈ ವಾರ ಬಿಡುವು ಮಾಡಿಕೊಂಡು ಆ ಆಪಾರ ಮನೆಗೆ ಹೋಗಿ ಬನ್ನಿ. ಮದ್ದು-ಮಾತ್ರೆ, ದಿನಸಿಗೆ ತೊಂದರೆಯಿದೆಯೇ ಎಂದು ಮೆಲ್ಲಗೆ ವಿಚಾರಿಸಿ. ಕೊಡುವುದನ್ನು ನಾಲ್ಕು ಜನರೆದುರು ಕೊಡಬೇಡಿ. ನೀವು ಕಲಿಸುತ್ತಿರುವ ಹುಡುಗಿಯನ್ನೂ ಜೊತೆಗೆ ಕರೆದೊಯ್ಯಿರಿ. "ಆಪಾ, ನೀವು ಕಲಿಸಿದ್ದನ್ನು ಇವಳಿಗೆ ಕಲಿಸುತ್ತಿದ್ದೇನೆ" ಎಂದು ಹೇಳಿ. ಆ ವೃದ್ಧ ಜೀವಕ್ಕೆ ಯಾವ ಸೀರೆಯೂ ಕೊಡದ ಸಂತೋಷ ಆ ಒಂದು ಮಾತಿನಲ್ಲಿದೆ.