ಅಜ್ಜಿಯ ಇಳಕಲ್ ಸೀರೆಯಲ್ಲಿ ಹಾರುವ ಬಾತುಗಳು: ಬಟ್ಟೆ ಆರಿಸೋದು, ಕತ್ತರಿಸೋದು

ಇವತ್ತಿನ ಮಾತು ಕತ್ತರಿ ಹಾಕೋದರ ಬಗ್ಗೆ. ಊರಿಂದ ಬರುವಾಗ ಅಮ್ಮನದೋ ಅಜ್ಜಿಯದೋ ಒಂದು ಹಳೇ ಸೀರೆ ತಂದು ಕಪಾಟಿನಲ್ಲಿ ಮಡಚಿಟ್ಟಿರೋರು ನಮ್ಮಲ್ಲಿ ಬಹಳ ಜನ ಇದ್ದೀರಿ. ಉಡೋಕೆ ಆಗಲ್ಲ, ಯಾರಿಗಾದ್ರೂ ಕೊಡೋಕೆ ಮನಸ್ಸಿಲ್ಲ. ಕೌದಿ ಹೊಲಿಯೋಣ ಅಂದ್ರೆ ಕತ್ತರಿ ಹಿಡಿದ ಕೈ ಅಲ್ಲೇ ನಿಂತುಬಿಡುತ್ತೆ. ಕೋಡ್ ಕೆಟ್ಟರೆ ಹಳೇ ವರ್ಷನ್‌ಗೆ ವಾಪಸ್ ಹೋಗಬಹುದು, ಸೀರೆಗೆ ಆ ಸೌಲಭ್ಯ ಇಲ್ಲ. ಆದ್ರೆ ಮೊದಲು ಲೆಕ್ಕ ಹಾಕಿ ನೋಡಿ. ನಾವು ಹೆದರಿದಷ್ಟು ಬಟ್ಟೆ ಬೇಕಾಗೋದೇ ಇಲ್ಲ. ಉಳಿಸಬೇಕಾದದ್ದನ್ನು ಉಳಿಸಿಕೊಂಡೇ ಹೊಲಿಯಬಹುದು.

ನಾನು ಆರಿಸಿಕೊಂಡ ವಿನ್ಯಾಸ ಫ್ಲೈಯಿಂಗ್ ಗೀಸ್, ಅಂದ್ರೆ ಹಾರುವ ಬಾತುಗಳು. ಅಮೆರಿಕದ ಹಳೇ ಕ್ವಿಲ್ಟ್‌ಗಳಿಂದ ಬಂದದ್ದು. ಉದ್ದ ಅಗಲದ ಎರಡರಷ್ಟಿರೋ ಒಂದು ಆಯತ. ನಡುವೆ ದೊಡ್ಡ ತ್ರಿಕೋನ, ಅದು ಬಾತು. ಎರಡೂ ಕಡೆ ಚಿಕ್ಕ ತ್ರಿಕೋನಗಳು, ಅದು ಆಕಾಶ. ಇಂಥ ಆಯತಗಳನ್ನು ಒಂದರ ಮೇಲೊಂದು ಜೋಡಿಸಿದ್ರೆ ಹಕ್ಕಿಸಾಲು ಒಂದೇ ದಿಕ್ಕಿಗೆ ಹೊರಟ ಹಾಗೆ ಕಾಣುತ್ತೆ. ನಾನಿರೋ ಕುರಕುಂಭದಿಂದ ಸೋಲಾಪುರ ರಸ್ತೆಯಲ್ಲೇ ಮುಂದೆ ಹೋದ್ರೆ ಭಿಗವಣ ಸಿಗುತ್ತೆ. ಅಲ್ಲಿ ಉಜನಿ ಜಲಾಶಯದ ಹಿನ್ನೀರಿಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬರೋ ಹಕ್ಕಿಗಳು. ಇದೇ ಜಾತಿಯವು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಇಳೀತವೆ. ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಊರು ಬಿಟ್ಟು ದುಡಿಯೋ ನಮಗೆ ಇದಕ್ಕಿಂತ ಹೊಂದೋ ವಿನ್ಯಾಸ ನನಗಂತೂ ಸಿಗಲಿಲ್ಲ.

ಒಂದು ವ್ಯತ್ಯಾಸ ಮೊದಲೇ ಹೇಳಿಬಿಡ್ತೀನಿ. ನಮ್ಮ ಕೌದಿ, ಇಲ್ಲಿನ ಮರಾಠಿ ಮನೆಗಳ ಗೋಧಡಿ, ಎರಡಕ್ಕೂ ಅಳತೆಪಟ್ಟಿಯ ಹಂಗಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿ ಅಂಚಿನಿಂದ ಶುರುವಾಗಿ ತುಂಡು ತುಂಡಾಗಿ ನಡುವಿಗೆ ಸಾಗುತ್ತೆ. ಒಂದು ತುಂಡು ಸೊಟ್ಟಗಿದ್ರೆ ಮುಂದಿನದು ಅದನ್ನು ನುಂಗಿಕೊಳ್ಳುತ್ತೆ. ಹಾರುವ ಬಾತಿನಲ್ಲಿ ಹಾಗಾಗಲ್ಲ. ಸಾಲಿಗೆ 1/16 ಇಂಚು ತಪ್ಪಿದ್ರೂ ಹತ್ತು ಸಾಲಿಗೆ ಅರ್ಧ ಇಂಚು ದಾಟುತ್ತೆ. ಹಾಗಾಗಿ ಬಟ್ಟೆಯ ಆಯ್ಕೆಯೂ ಕತ್ತರಿಸೋ ಕ್ರಮವೂ ಮುಖ್ಯ.

ಬಟ್ಟೆ ಆರಿಸೋದು

ನಾನು ಹೊಲಿದದ್ದು ಅಕ್ಕನ ಕೂಸಿಗೆ. ಅಜ್ಜಿಯನ್ನು ಆ ಕೂಸು ನೋಡಿಲ್ಲ. ಬಾತುಗಳಿಗೆ ಅಜ್ಜಿಯ ಇಳಕಲ್ ಸೀರೆ, ಆಕಾಶಕ್ಕೆ ಅಜ್ಜನ ಬಿಳಿ ಧೋತರ. ಅಮ್ಮ ಒಂದೇ ಷರತ್ತು ಹಾಕಿದಳು: ಸೆರಗಿಗೆ ಕತ್ತರಿ ತಾಗಬಾರದು.

ಮೊದಲು ಸೀರೆಯನ್ನು ಬೆಳಕಿಗೆ ಹಿಡಿದು ಪೂರ್ತಿ ನೋಡಿ. ಸೊಂಟದ ಹತ್ತಿರ ಸಿಕ್ಕಿಸೋ ಜಾಗ, ಕಾಲಿಗೆ ತಾಗೋ ಅಂಚು, ವರ್ಷಗಟ್ಟಲೆ ಮಡಿಕೆ ಬಿದ್ದ ಗೆರೆ, ಇವೆಲ್ಲ ಮೊದಲು ಸವೆಯೋ ಕಡೆಗಳು. ಎರಡು ಹೆಬ್ಬೆರಳಿನ ನಡುವೆ ಮೆಲ್ಲಗೆ ಎಳೀರಿ. ಎಳೆ ಸರಿದು ಕಿಂಡಿ ಕಂಡರೆ ಆ ಭಾಗ ಬಿಡಿ, ಚಾಕ್‌ನಿಂದ ಗುರುತು ಹಾಕಿ. ಇಳಕಲ್ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿರ್ತಾರೆ. ಆ ಜೋಡಣೆ ತುಂಡಿನ ಒಳಗೆ ಬರಬಾರದು.

ಎರಡನೇದು ಬಣ್ಣ. ಒದ್ದೆ ಬಿಳಿ ಬಟ್ಟೆಯಿಂದ ಸೀರೆಯನ್ನು ಉಜ್ಜಿ ನೋಡಿ. ಕೆಂಪು ಬಿಟ್ಟರೆ ಬಿಳಿ ಧೋತರದ ಪಕ್ಕ ಅದನ್ನು ಇಡಬೇಡಿ. ಬಣ್ಣ ಹೊಂದುತ್ತೋ ಇಲ್ಲವೋ ಅನ್ನೋದಕ್ಕಿಂತ ಕಡು-ತಿಳಿ ಅಂತರ ಮುಖ್ಯ. ಎರಡೂ ಬಟ್ಟೆ ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೋ ತೆಗೀರಿ. ಎರಡೂ ಒಂದೇ ಬೂದುಬಣ್ಣ ಕಂಡರೆ ಬಾತು ಆಕಾಶದಲ್ಲಿ ಕರಗಿಹೋಗುತ್ತೆ.

ಮೂರನೇದು ಗಂಜಿ. ಹಳೇ ಹತ್ತಿ ಬಟ್ಟೆ ಮೆತ್ತಗಾಗಿ ಕತ್ತರಿಯ ಕೆಳಗೆ ಜಾರುತ್ತೆ. ತೊಳೆದು, ತಿಳಿಗಂಜಿ ಹಾಕಿ, ಇಸ್ತ್ರಿ ಮಾಡಿದ್ರೆ ಕಾಗದದ ಹಾಗೆ ನಿಲ್ಲುತ್ತೆ. ರೇಷ್ಮೆ ಬೆರಕೆ ಇದ್ರೆ ಇಸ್ತ್ರಿಯ ಕಾವು ಕಡಿಮೆ ಇರಲಿ. ಕೌದಿ ಮುಗಿದ ಮೇಲೆ ಗಂಜಿ ಹೋಗೋ ಹಾಗೆ ತೊಳೀರಿ, ಇಲ್ಲಾಂದ್ರೆ ಹುಳ ಬೀಳುತ್ತೆ.

ಅಳತೆಯ ಲೆಕ್ಕ

ನನ್ನ ಬಾತು ಹೊಲಿದಾದ ಮೇಲೆ 4×8 ಇಂಚು. ಅಡ್ಡ 4, ಉದ್ದ 10 ಸಾಲು, ಒಟ್ಟು 40 ಬಾತು. ಕೌದಿಯ ಮುಖ 32×40 ಇಂಚು.

ಹೊಲಿಗೆಗೆ ಎಲ್ಲಾ ಕಡೆ ಕಾಲು ಇಂಚು ಬಿಡಬೇಕು. ಚೌಕದ ಮೂಲೆಯಲ್ಲಿ ಅದಕ್ಕೆ ಹೆಚ್ಚುವರಿ 0.25 ಇಂಚು ಸಾಕು. 45 ಡಿಗ್ರಿಯ ಚೂಪು ಮೂಲೆಗೆ ಸಾಲಲ್ಲ, ಅಲ್ಲಿ 0.25 × (1+√2), ಅಂದ್ರೆ ಸುಮಾರು 0.604 ಬೇಕು. ಚಿಕ್ಕ ತ್ರಿಕೋನದ ಬದಿಗೆ ಒಂದು ನೇರ ಮೂಲೆ, ಒಂದು ಚೂಪು ಮೂಲೆ: 0.25 + 0.604 = 0.854. ಇದನ್ನು ಟೇಪಿನಲ್ಲಿ ಸಿಗೋ 7/8ಕ್ಕೆ ಏರಿಸ್ತೀವಿ. ದೊಡ್ಡ ತ್ರಿಕೋನದ ಉದ್ದ ಬದಿಗೆ ಎರಡೂ ಕಡೆ ಚೂಪು ಮೂಲೆ: 1.207, ಅದು 1¼. ಹಾಗಾಗಿ ದೊಡ್ಡ ಚೌಕ 8 + 1¼ = 9¼ ಇಂಚು. ಚಿಕ್ಕ ಚೌಕ 4 + 7/8, ಟೇಪಿನಲ್ಲಿ 5ಕ್ಕೆ ಒಂದು ಗೆರೆ ಹಿಂದೆ.

ಒಂದು ದೊಡ್ಡ ಚೌಕ, ನಾಲ್ಕು ಚಿಕ್ಕ ಚೌಕ ಸೇರಿದ್ರೆ ನಾಲ್ಕು ಬಾತು. 40 ಬಾತಿಗೆ 10 ದೊಡ್ಡವು, 40 ಚಿಕ್ಕವು. ಅಂಚು ಬಿಟ್ಟು ಸೀರೆಯ ಅಗಲ 36 ಇಂಚು ಸಿಕ್ಕಿದ್ರೆ ಒಂದು ಪಟ್ಟಿಯಲ್ಲಿ 3 ದೊಡ್ಡ ಚೌಕ. ನಾಲ್ಕು ಪಟ್ಟಿಗೆ 37 ಇಂಚು ಉದ್ದ. ಆರು ಗಜದ ಸೀರೆಯಲ್ಲಿ ಹೋಗೋದು ಬರೀ ಒಂದು ಗಜ! ಧೋತರದಲ್ಲಿ 40 ಇಂಚು ಅಗಲ ಸಿಕ್ಕಿದ್ರೆ ಪಟ್ಟಿಗೆ 8 ಚಿಕ್ಕ ಚೌಕ, ಐದು ಪಟ್ಟಿಗೆ 24½ ಇಂಚು ಸಾಕು. ಅದಕ್ಕೇ ಸವೆದ ಜಾಗ ಬಿಟ್ಟು ಗಟ್ಟಿ ಜಾಗವನ್ನೇ ಆರಿಸೋಕೆ ನಮಗೆ ಅವಕಾಶ ಇದೆ.

ಕತ್ತರಿಸೋದು

ಚೌಕದ ಬದಿಗಳು ಹಾಸು-ಹೊಕ್ಕಿನ ಎಳೆಗೆ ನೇರವಾಗಿರಬೇಕು. ಬಟ್ಟೆಯನ್ನು ಓರೆಯಾಗಿ ಎಳೆದು ನೋಡಿ, ರಬ್ಬರಿನ ಹಾಗೆ ಹಿಗ್ಗುತ್ತೆ. ತ್ರಿಕೋನಗಳನ್ನು ಬಿಡಿಬಿಡಿಯಾಗಿ ಕತ್ತರಿಸಿದ್ರೆ ಈ ಓರೆ ಅಂಚೇ ಕೈಗೆ ಸಿಕ್ಕಿ ಎಳೆದುಹೋಗುತ್ತೆ. ಅದಕ್ಕೆ ಓರೆ ಗೆರೆಯ ಮೇಲೆ ಹೊಲಿಗೆ ಮೊದಲು, ಕತ್ತರಿ ಆಮೇಲೆ.

ದೊಡ್ಡ ಚೌಕದ ಎದುರುಬದುರು ಮೂಲೆಗಳಲ್ಲಿ ಎರಡು ಚಿಕ್ಕ ಚೌಕಗಳನ್ನು ಮುಖಕ್ಕೆ ಮುಖ ಇಡಿ. ನಡುವೆ ಅವು ಸ್ವಲ್ಪ ಒಂದರ ಮೇಲೊಂದು ಬರ್ತವೆ, ಬರಲಿ. ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಅದರ ಎರಡೂ ಪಕ್ಕ ಕಾಲು ಇಂಚಿಗೆ ಹೊಲಿದು, ಗೆರೆಯ ಮೇಲೆ ಕತ್ತರಿಸಿ. ಚಿಕ್ಕ ತ್ರಿಕೋನಗಳನ್ನು ಹೊರಕ್ಕೆ ಬಿಡಿಸಿ ಇಸ್ತ್ರಿ ಮಾಡಿ. ಎರಡೂ ಅರ್ಧದಲ್ಲಿ ಉಳಿದ ಮೂಲೆಗೆ ಒಂದೊಂದು ಚಿಕ್ಕ ಚೌಕ ಇಟ್ಟು ಇದನ್ನೇ ಮತ್ತೆ ಮಾಡಿ. ನಾಲ್ಕು ಬಾತು ತಯಾರು. ಹೊರ ಅಂಚೆಲ್ಲಾ ನೇರ ಎಳೆ, ಓರೆ ಎಲ್ಲಾ ಹೊಲಿಗೆಯ ಒಳಗೆ.

ಈ ವಿಧಾನದಲ್ಲಿ ಒಂದು ಚೌಕದ ನಾಲ್ಕು ಬಾತುಗಳು ಬಟ್ಟೆಯ ನಾಲ್ಕು ದಿಕ್ಕಿಗೆ ತಿರುಗಿರ್ತವೆ. ಬಣ್ಣ ಒಂದೇ ಇರೋ ಬಟ್ಟೆಗೆ ಚಿಂತೆ ಇಲ್ಲ. ಗುಳೇದಗುಡ್ಡ ಖಣದ ಹಾಗೆ ದಿಕ್ಕಿರೋ ಚಿತ್ತಾರ ಆದ್ರೆ ಹೂವು ತಲೆಕೆಳಗಾಗುತ್ತೆ. ಅದಕ್ಕೆ 4½×8½ರ ಆಯತ ಕತ್ತರಿಸಿ, ಎರಡು ಮೂಲೆಗೆ 4½ ಇಂಚಿನ ಚೌಕ ಇಟ್ಟು ಓರೆಯಾಗಿ ಹೊಲಿದು ಮಡಚಿ. ಮೂಲೆಯ ಬಟ್ಟೆ ಸ್ವಲ್ಪ ವ್ಯರ್ಥ, ಹೂವು ಮಾತ್ರ ನೆಟ್ಟಗಿರುತ್ತೆ.

ಹತ್ತೂ ಚೌಕ ಒಟ್ಟಿಗೆ ಕತ್ತರಿಸಬೇಡಿ. ಒಂದು ಸೆಟ್ ಮುಗಿಸಿ ಅಳೀರಿ. 4½×8½ ಬರಬೇಕು, ಬಾತಿನ ತುದಿಯ ಮೇಲೆ ಕಾಲು ಇಂಚು ಬಟ್ಟೆ ಇರಬೇಕು. ಇಲ್ಲಾಂದ್ರೆ ಸಾಲು ಜೋಡಿಸುವಾಗ ಕೊಕ್ಕು ಹೊಲಿಗೆಯೊಳಗೆ ಹೋಗುತ್ತೆ. ಸರಿ ಬಂದ್ರೆ ಮಾತ್ರ ಉಳಿದ ಒಂಬತ್ತು.

ಇನ್ನು ಸೆರಗು. ಅಳೆದಾಗ 37×46 ಇಂಚು ಬಂತು. 32×40ರ ಕೌದಿಗೆ ಹಿಂಬದಿಯಾಗಿ ಕತ್ತರಿಯಿಲ್ಲದೇ ಸಾಕಾಯಿತು. ಹೆಚ್ಚಾದದ್ದನ್ನು ಮುಂದಕ್ಕೆ ಮಡಚಿ ಅಂಚು ಕಟ್ಟಿದೆ. ಉಳಿದ ಸೀರೆ ಅಮ್ಮನ ಹತ್ತಿರವೇ ಇದೆ. ನಿಮ್ಮ ಸೀರೆಯಲ್ಲೂ ಕತ್ತರಿ ಹಾಕಬಾರದ ಭಾಗ ಯಾವುದು ಅಂತ ಮನೆಯವರನ್ನು ಕೇಳಿ, ಅದನ್ನು ಮೊದಲು ಗುರುತು ಮಾಡಿ ಪಕ್ಕಕ್ಕಿಡಿ. ಲೆಕ್ಕ ಅಲ್ಲಿಂದ ಶುರು ಮಾಡಿ. ಸಾಲು ಜೋಡಿಸೋದು ಮುಂದಿನ ವಿಡಿಯೋದಲ್ಲಿ. ಸಿಗೋಣ.