ರಸೀದಿಗಾಗಿ ಕಾಯುವ ಆಕಾಶಮಾರ್ಗ

ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜತೆಜತೆಗೇ ಸುತ್ತುತ್ತ ಇದ್ದಲ್ಲಿಯೇ ನಿಂತಂತೆ ತೋರುವ ಇಸ್ರೋದ ಭೂಸ್ಥಿರ ಉಪಗ್ರಹಗಳನ್ನು ಹಾಸನದ ನಿಯಂತ್ರಣ ಕೇಂದ್ರವು ಹಗಲಿರುಳು ಕಾಯುತ್ತದೆ. ಇಂಥ ಉಪಗ್ರಹವನ್ನೇ ನಂಬಿದ ನಾವಿಕನೊಬ್ಬನು ನಡುಗಡಲಿನಲ್ಲಿ ಜಾಲಪುಟವೊಂದನ್ನು ತೆರೆದಾಗ, ಶೀರ್ಷಿಕೆ ಮಾತ್ರ ಮೂಡಿ, ಚಿತ್ರದ ಜಾಗ ಬಹಳ ಹೊತ್ತು ಬರಿದಾಗಿಯೇ ಉಳಿಯುವುದುಂಟು. ದೋಷವೆಲ್ಲ ಉಪಗ್ರಹದ್ದೆನ್ನುವುದು ನ್ಯಾಯವಲ್ಲ.

ಬೆಳಕಿನ ವೇಗದ ಸಂಕೇತಕ್ಕೂ ಮೇಲೇರಿ ಕೆಳಗಿಳಿಯಲು ಕಾಲು ಸೆಕೆಂಡಿನಷ್ಟು ಬೇಕು, ಮರುತ್ತರಕ್ಕೆ ಮತ್ತಷ್ಟು. ಇಂಟರ್ನೆಟ್ಟಿನ ಸಾಗಾಣಿಕೆಯನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿರುವ ಟಿಸಿಪಿ ಎಂಬ ನಿಯಮಾವಳಿಯಾದರೋ, ರಿಜಿಸ್ಟರ್ಡ್ ಅಂಚೆಯಂತೆ, ಮುಟ್ಟಿದ ರಸೀದಿಯನ್ನು ಅಪೇಕ್ಷಿಸತಕ್ಕದ್ದು. ಮೂಲವಿಧಿಯಂತೆ ರಸೀದಿ ಬರುವ ಮುನ್ನ 65,535 ಬೈಟ್‌ಗಳಿಗಿಂತ ಹೆಚ್ಚು ಕಳುಹಿಸುವಂತಿರಲಿಲ್ಲವಾದ ಕಾರಣ, ಕೊಂಡಿ ಎಷ್ಟೇ ವಿಶಾಲವಾಗಿದ್ದರೂ ಒಂದು ಸಂಪರ್ಕವು ಸೆಕೆಂಡಿಗೆ ಸುಮಾರು 10 ಲಕ್ಷ ಬಿಟ್‌ಗಳನ್ನು ದಾಟಲಾರದಾಯಿತು. 1992ರ ವಿಧಿಯೊಂದು ಈ ಮಿತಿಯನ್ನು ಹಿಗ್ಗಿಸಿತು.

ಅದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದು. 1986ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ, ಕೂಗಳತೆಯಷ್ಟೇ ದೂರದ ಎರಡು ಸಂಸ್ಥೆಗಳ ನಡುವಣ ಸಾಗಾಣಿಕೆಯು ದಟ್ಟಣೆಯ ದೆಸೆಯಿಂದ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿದುದನ್ನು ಕಂಡ ಸಂಶೋಧಕ ವ್ಯಾನ್ ಜೇಕಬ್ಸನ್, 1988ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಳುಹಿಸಿದ ಮಾಹಿತಿಯ ಕಂತೊಂದು ಕಳೆದುಹೋದರೆ ದಾರಿ ಕಿಕ್ಕಿರಿದಿದೆಯೆಂದು ತಿಳಿದು ವೇಗವನ್ನು ತಗ್ಗಿಸಬೇಕೆಂದು ನಿರೂಪಿಸಿದರು. ನೆಲದ ತಂತಿಗಳಿಗೆ ಸಂಜೀವಿನಿಯಾದ ಈ ವಿವೇಕ ಆಕಾಶದ ಕೊಂಡಿಗೆ ಒಗ್ಗಲಿಲ್ಲ; ಮಳೆಮೋಡ ಕವಿದು ಸಂಕೇತ ಕ್ಷೀಣಿಸಿ ಕಂತು ಹಾಳಾದರೂ, ಕಳುಹಿಸುವ ಯಂತ್ರವು ದಟ್ಟಣೆಯೆಂದೇ ಬಗೆದು ವೇಗವನ್ನು ಅರ್ಧಕ್ಕಿಳಿಸಿ, ಬಳಿಕ ಅರ್ಧ ಸೆಕೆಂಡಿಗೊಂದರಂತೆ ಕಂತುಗಳನ್ನು ಏರಿಸುತ್ತ, ತೆರವಾದ ದಾರಿಯಲ್ಲಿಯೂ ಕುಂಟತೊಡಗಿತು.

ಹಾಳಾದ ಬಿಟ್‌ಗಳನ್ನು ಮುಟ್ಟಿದಲ್ಲಿಯೇ ಸರಿಪಡಿಸಿಕೊಳ್ಳಲೆಂದು ಹೆಚ್ಚುವರಿ ಬಿಟ್‌ಗಳನ್ನು ಬೆರೆಸಿ ಕಳುಹಿಸುವುದು, ಕಳೆದುಹೋದ ಕಂತನ್ನಷ್ಟೇ ಮರಳಿ ಕೇಳುವುದು, ಇವೆರಡೂ ಫಲಕಾರಿಯಾದ ಉಪಾಯಗಳೇ. ಆದರೆ ನನ್ನ ಮನಸ್ಸನ್ನು ಸೆಳೆದದ್ದು ಭೂಕೇಂದ್ರದಲ್ಲಿ ಕುಳಿತ ಮಧ್ಯವರ್ತಿ ಯಂತ್ರ. ಕಂತು ಇನ್ನೂ ಉಪಗ್ರಹವನ್ನು ಮುಟ್ಟುವ ಮುನ್ನವೇ ಕಳುಹಿಸಿದವನಿಗೆ ತಾನೇ ರಸೀದಿ ಕೊಟ್ಟು, ಅದರ ಒಂದು ಪ್ರತಿಯನ್ನು ತನ್ನಲ್ಲಿರಿಸಿಕೊಂಡು, ಮುಂದಿನ ದೀರ್ಘಪಯಣದ ಹೊಣೆಯನ್ನೆಲ್ಲ ಅದು ಹೊತ್ತುಕೊಳ್ಳುತ್ತದೆ. ಈಚೆಗೆ ಬಳಕೆಗೆ ಬಂದ ಕ್ವಿಕ್ ಎಂಬ ವಿಧಾನವು ಗೋಪ್ಯತೆಗಾಗಿ ರಸೀದಿಗಳನ್ನೂ ಗೂಢಲಿಪಿಯಲ್ಲಿ ಮುಚ್ಚಿಡುವುದರಿಂದ, ಆ ಮಧ್ಯವರ್ತಿಗೆ ಓದಲು ಏನೂ ಉಳಿದಿಲ್ಲ; ದಾರಿಯ ಉದ್ದಗಲಗಳನ್ನು ಅಳೆದುಕೊಂಡು ನಡೆಯುವ ಕೆಲಸ ಈಗ ಕಳುಹಿಸುವ ಯಂತ್ರದ ಪಾಲಿಗೇ ಮರಳಿ ಬಂದಿದೆ.