ಉಗ್ರಾಣದ ಬೀಗದ ಕೈ ಮಾತ್ರ

ಮೈಸೂರಿನ ಮಾನಸಗಂಗೋತ್ರಿಯ ಸಂಶೋಧನಾ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿ. ಗುರುಗಳು ಇಪ್ಪತ್ತು ವರ್ಷಗಳ ಹಿಂದೆ ಡಿಟಿಪಿ ಮಾಡಿಸಿದ್ದ ಪುಸ್ತಕದ ಸಿ.ಡಿ. ಅವನ ಕೈಗೆ ಸಿಕ್ಕಿದೆ. ತೆರೆದು ನೋಡಿದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ! ಬರಹ, ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಸಂಕೇತಗಳಲ್ಲಿ ಅಡಗಿಸಿಡುತ್ತಿದ್ದವು. ಆ ಫಾಂಟ್ ಇಲ್ಲದ ಗಣಕಯಂತ್ರಕ್ಕೆ ಅದು ಕನ್ನಡವೇ ಅಲ್ಲ. ಅದನ್ನು ಯೂನಿಕೋಡ್‌ಗೆ ಬದಲಿಸುವ ಪ್ರೋಗ್ರಾಂ ಬೇಕು.

ಇಲ್ಲಿ ಎರಡು ತೊಡಕುಗಳಿವೆ. ವಿಂಡೋಸ್‌ಗೆಂದು ಸಿದ್ಧಪಡಿಸಿದ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಹಾಗೆಯೇ ನಡೆಯದು. ಇನ್ನೊಂದು, ಯಾರೋ ಬರೆದ ಪ್ರೋಗ್ರಾಂ ಒಮ್ಮೆ ಓಡತೊಡಗಿದರೆ ಸಾಮಾನ್ಯವಾಗಿ ಅದನ್ನು ಓಡಿಸಿದವನ ಕಡತಗಳನ್ನೆಲ್ಲ ತಡಕಬಲ್ಲದು. ಪುಸ್ತಕದ ಜೊತೆಗೆ ಬ್ಯಾಂಕಿನ ಕಾಗದಪತ್ರವೂ ಅದರ ಕೈಗೆ ಸಿಕ್ಕಂತೆಯೇ!

ಇವೆರಡಕ್ಕೂ ಉತ್ತರವಾಗಬಲ್ಲದ್ದು ವೆಬ್‌ಅಸೆಂಬ್ಲಿ. 2017ರಲ್ಲಿ ಪ್ರಮುಖ ಬ್ರೌಸರ್‌ಗಳಿಗೆ ಬಂದ ಇದು 2019ರ ಡಿಸೆಂಬರ್‌ನಲ್ಲಿ ಅಧಿಕೃತ ಮಾನಕವಾಯಿತು. ಯಾವುದೇ ನಿಜವಾದ ಚಿಪ್‌ಗೆ ಸೇರದ ಆದೇಶಗಳ ಭಾಷೆ ಇದು. ಸಿ, ರಸ್ಟ್ ಭಾಷೆಗಳಲ್ಲಿ ಬರೆದ ಪ್ರೋಗ್ರಾಮನ್ನು ಇದಕ್ಕೆ ಅನುವಾದಿಸಿ ಇಡಬಹುದು. ಅದನ್ನು ಓಡಿಸಲು ಈಗ ಬ್ರೌಸರ್ರೇ ಬೇಕೆಂದಿಲ್ಲ. ವಾಸ್ಮ್‌ಟೈಮ್, ವಾಸ್ಮರ್ ಮುಂತಾದ ಸ್ವತಂತ್ರ ರನ್‌ಟೈಮ್‌ಗಳಿವೆ. ಆಯಾ ಯಂತ್ರಕ್ಕೆ ತಕ್ಕ ರನ್‌ಟೈಮನ್ನು ಹಾಕಿಕೊಂಡರೆ ಸಾಕು, ಅದು ಆದೇಶಗಳನ್ನು ಅಲ್ಲಿನ ಚಿಪ್‌ನ ಭಾಷೆಗೆ ತಿರುಗಿಸುತ್ತದೆ. ಪ್ರೋಗ್ರಾಮಿನ ಕಡತ ಎಲ್ಲೆಡೆಯೂ ಒಂದೇ.

ಕಾವಲಿನ ಕೆಲಸವೂ ರನ್‌ಟೈಮಿನದೇ. ಪ್ರತಿ ಪ್ರೋಗ್ರಾಮಿಗೂ 64 ಕಿಲೋಬೈಟ್‌ಗಳ ಪುಟಗಳಲ್ಲಿ ಸ್ಮೃತಿಯನ್ನು ಅಳೆದು ಕೊಡಲಾಗುತ್ತದೆ. ಅದರ ಗಡಿ ದಾಟಲು ಹೊರಟರೆ ಓಟ ಅಲ್ಲಿಗೇ ನಿಲ್ಲುತ್ತದೆ. ಕಡತ, ಗಡಿಯಾರ ಇತ್ಯಾದಿ ಹೊರಗಿನ ವಸ್ತುಗಳನ್ನು ಕೇಳಿ ಪಡೆಯಲು 'ವಾಸಿ' ಎಂಬ ನಿಯಮಾವಳಿಯನ್ನು ಮೊಜಿಲ್ಲಾ ಸಂಸ್ಥೆ 2019ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಮದುವೆಮನೆಯಲ್ಲಿ ಅಡುಗೆಯವರ ಕೈಗೆ ಉಗ್ರಾಣದ ಬೀಗದ ಕೈ ಕೊಡುತ್ತಾರೆ, ಬೀರುವಿನದನ್ನಲ್ಲ. ಇಲ್ಲಿಯೂ ಹಾಗೆಯೇ. ನಮ್ಮ ವಿದ್ಯಾರ್ಥಿ ಪುಸ್ತಕವಿರುವ ಒಂದೇ ಫೋಲ್ಡರನ್ನು ಹೆಸರಿಸಿ ಆದೇಶ ಕೊಟ್ಟರೆ, ಪರಿವರ್ತಕಕ್ಕೆ ಕಾಣುವ ಕಡತಗಳು ಅಷ್ಟೇ. ವಾಸ್ಮ್‌ಟೈಮ್‌ನಲ್ಲಿ ಅನುಮತಿ ಕೊಡದ ಹೊರತು ಅಂತರಜಾಲದ ಸಂಪರ್ಕವೂ ಇಲ್ಲ.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಹಳೆಯ ವಿಂಡೋಸ್ ಪ್ರೋಗ್ರಾಮನ್ನು ತಂದು ನೇರವಾಗಿ ಓಡಿಸಲಾಗದು; ಮೂಲ ಬರಹವಿದ್ದರೆ ಮಾತ್ರ ಹೊಸದಾಗಿ ಅನುವಾದಿಸಬಹುದು. ಒತ್ತಕ್ಷರ ತಪ್ಪಾಗಿ ಬದಲಾದರೆ ರನ್‌ಟೈಮ್ ತಿದ್ದದು. ಕೊಟ್ಟ ಫೋಲ್ಡರಿನೊಳಗೆ ಕಡತ ಕೆಡಲೂಬಹುದು. ಆದ್ದರಿಂದ ಮೊದಲೇ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳುವುದು ಲೇಸು.

ಇಂಥ ಸಿ.ಡಿ.ಗಳು ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಕುಳಿತಿರಬಹುದು. ಅವಕ್ಕೂ ಆಯುಸ್ಸಿದೆ. ಗೀರು ಬಿದ್ದು ಓದಲಾಗದಂತಾದ ಮೇಲೆ ಯಾವ ರನ್‌ಟೈಮೂ ಒಳಗಿನ ಕನ್ನಡವನ್ನು ಹೊರತರಲಾರದು.